ಉಗುರಿನಷ್ಟು ಚಿಪ್‌ನಲ್ಲಿ ಮುನ್ನೂರು ಮಹಡಿ: ಫ್ಲ್ಯಾಶ್ ಮೆಮೊರಿ ಪೈಪೋಟಿಯ ಒಳಗುಟ್ಟು

2025ರ ಕೊನೆಯ ಹೊತ್ತಿಗೆ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ, ಅಂದರೆ ಮಾಹಿತಿಯನ್ನು ಫ್ಲ್ಯಾಶ್ ಚಿಪ್‌ಗಳಲ್ಲಿ ಇಡುವ ಡ್ರೈವ್, ಕೊಳ್ಳಲು ಹೊರಟವರು ಬೆಲೆ ನೋಡಿ ಬೆಚ್ಚಿಬಿದ್ದರು. ಸ್ಟೋರೇಜ್ ಅಂದರೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುವ ವಸ್ತು ಅಂತ ನಾವೆಲ್ಲ ಅಂದುಕೊಂಡಿದ್ದೆವು, ಅಲ್ವಾ? ಇದೇ ಚಿಪ್‌ಗಳು 2023ರಲ್ಲಿ ಎಷ್ಟು ಅಗ್ಗವಾಗಿದ್ದವು ಅಂದರೆ, ತಯಾರಿಸುವ ಕಂಪನಿಗಳೇ ಕೈಸುಟ್ಟುಕೊಂಡು ಉತ್ಪಾದನೆ ಕಡಿತ ಮಾಡಿದ್ದವು. ಎರಡೇ ವರ್ಷದಲ್ಲಿ ಇಷ್ಟು ದೊಡ್ಡ ತಿರುವು ಹೇಗೆ ಬಂತು?

ಇದಕ್ಕೆ ಉತ್ತರ ಬೇಕಾದರೆ ಎರಡು ವಿಷಯ ತಿಳಿಯಬೇಕು. ಈ ಚಿಪ್ ಹೇಗೆ ತಯಾರಾಗುತ್ತದೆ ಅನ್ನೋದು ಒಂದು. ಅದಕ್ಕೆ ದುಡ್ಡು ಹಾಕುವವರು ಯಾವಾಗ ಹಾಕುತ್ತಾರೆ ಅನ್ನೋದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಆದರೆ ಮೊದಲನೆಯದು ಗೊತ್ತಿಲ್ಲದೆ ಅದು ತಲೆಗೆ ಹತ್ತುವುದಿಲ್ಲ.

ಫ್ಲ್ಯಾಶ್ ಅಂದರೆ ಏನು?

ಕೆಟ್ಟುಹೋದ ಹಳೆಯ ಪೆನ್‌ಡ್ರೈವ್ ಇದ್ದರೆ ಅದರ ಕವಚ ಬಿಚ್ಚಿ ನೋಡಿ. ನಾನೂ ಒಂದನ್ನು ಬಿಚ್ಚಿದ್ದೆ. ಒಳಗೆ ಬೆರಳಿನಗಲದ ಹಸಿರು ಪಟ್ಟಿ, ಅದರ ಮೇಲೆ ಎರಡು ಕಪ್ಪು ಚಿಪ್. ಚಿಕ್ಕದು ಕಂಟ್ರೋಲರ್, ಅಂದರೆ ಯಾವ ಮಾಹಿತಿ ಎಲ್ಲಿದೆ ಎಂದು ಲೆಕ್ಕ ಇಡುವ ಗುಮಾಸ್ತ. ದೊಡ್ಡದು, ಎರಡು ಅಂಚಿನಲ್ಲೂ ಸಾಲಾಗಿ ಕಾಲುಗಳಿರುವುದು, ಅದೇ ಫ್ಲ್ಯಾಶ್ ಚಿಪ್. ನಮ್ಮ ಫೋಟೊ, ವಿಡಿಯೊ ಎಲ್ಲ ಕೂರುವುದು ಅಲ್ಲೇ. ಫೋನಿನ ಸ್ಟೋರೇಜ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಎಲ್ಲದರೊಳಗೂ ಇರುವುದು ಇದೇ ಜಾತಿಯ ಚಿಪ್.

ಆ ಚಿಪ್‌ನೊಳಗೆ ಕೋಟಿ ಕೋಟಿ ಪುಟ್ಟ ಕೋಣೆಗಳಿವೆ. ಇವಕ್ಕೆ ಸೆಲ್ ಅನ್ನುತ್ತಾರೆ. ಒಂದೊಂದು ಸೆಲ್ಲೂ ಬಿಗಿ ಮುಚ್ಚಳದ ಡಬ್ಬಿ ಇದ್ದ ಹಾಗೆ. ಜೋರಾಗಿ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನ್‌ಗಳು ತೆಳುವಾದ ಗೋಡೆಯನ್ನು ದಾಟಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಕರೆಂಟ್ ತೆಗೆದರೂ ಅಲ್ಲೇ ಇರುತ್ತವೆ. ಫೋನ್ ಸ್ವಿಚ್ ಆಫ್ ಆದರೂ ಫೋಟೊ ಉಳಿಯುವುದು ಇದಕ್ಕೇ. ಡಬ್ಬಿ ಖಾಲಿಯಿದ್ದರೆ 1, ತುಂಬಿದ್ದರೆ 0, ಹೀಗೆ ಓದಿಕೊಳ್ಳುವುದು. ಕಂಪ್ಯೂಟರಿನ ರ‍್ಯಾಮ್ ಹೀಗಲ್ಲ, ಅದರಲ್ಲಿ ಕರೆಂಟ್ ಹೋದರೆ ಎಲ್ಲ ಅಳಿಸಿಹೋಗುತ್ತದೆ.

ಇದನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ. 1984ರಲ್ಲಿ ಅವರು ಮೊದಲ ಬಗೆಯ ಫ್ಲ್ಯಾಶ್ ಬಗ್ಗೆ ಪ್ರಬಂಧ ಮಂಡಿಸಿದರು. 1987ರಲ್ಲಿ ಇವತ್ತು ಎಲ್ಲೆಡೆ ಬಳಕೆಯಲ್ಲಿರುವ ನ್ಯಾಂಡ್ ಬಗೆಯನ್ನು ಮುಂದಿಟ್ಟರು. ನ್ಯಾಂಡ್ ಅನ್ನೋದು ಸೆಲ್‌ಗಳನ್ನು ಮಣಿಸರದ ಹಾಗೆ ಒಂದರ ಹಿಂದೆ ಒಂದು ಪೋಣಿಸುವ ಜೋಡಣೆಯ ಹೆಸರು. ಹೀಗೆ ಪೋಣಿಸಿದರೆ ಪ್ರತಿ ಸೆಲ್ಲಿಗೂ ಬೇರೆ ಬೇರೆ ತಂತಿ ಬೇಕಿಲ್ಲ, ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ದೊಡ್ಡದೊಂದು ಭಾಗವನ್ನು ಒಮ್ಮೆಲೇ ಅಳಿಸುವ ರೀತಿ ನೋಡಿ ಮಸುಒಕರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಹೆಸರು ಬಂದದ್ದು ಅಲ್ಲಿಂದ.

ಒಂದು ಡಬ್ಬಿಯಲ್ಲಿ ಎಷ್ಟು ತುಂಬಬಹುದು?

ಇಲ್ಲಿಂದ ಶುರುವಾಗುವುದೇ ಸಾಂದ್ರತೆಯ ಓಟ. ಅದೇ ಅಳತೆಯ ಚಿಪ್‌ನಲ್ಲಿ ಜಾಸ್ತಿ ಮಾಹಿತಿ ಹಿಡಿಸಿದವರಿಗೆ ಪ್ರತಿ ಜಿಬಿಗೆ ತಗಲುವ ಖರ್ಚು ಕಡಿಮೆ. ಗ್ರಾಹಕರು ಕೊಳ್ಳುವುದು ಜಿಬಿ ಲೆಕ್ಕದಲ್ಲಿ ತಾನೆ? ಯಾರ ಚಿಪ್ಪಿನಲ್ಲಿ ಎಷ್ಟು ಪದರ ಇದೆ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಈ ವ್ಯಾಪಾರದಲ್ಲಿ ಖರ್ಚು ಇಳಿಸಿದವರು ಉಳಿದುಕೊಳ್ಳುತ್ತಾರೆ.

ಮೊದಲ ಉಪಾಯ, ಒಂದೇ ಸೆಲ್ಲಿನಲ್ಲಿ ಹೆಚ್ಚು ಬಿಟ್ ಇಡುವುದು. ಬಿಟ್ ಅಂದರೆ ಒಂದು 1 ಅಥವಾ ಒಂದು 0. ಒಂದು ಲೋಟ ನೀರು ಅಂದುಕೊಳ್ಳಿ. ಖಾಲಿಯೋ ತುಂಬಿದೆಯೋ ಎಂದು ಮಾತ್ರ ನೋಡಿದರೆ ಎರಡೇ ಉತ್ತರ, ಅಂದರೆ ಒಂದು ಬಿಟ್. ಖಾಲಿ, ಮೂರನೇ ಒಂದು ಪಾಲು, ಮೂರನೇ ಎರಡು ಪಾಲು, ಪೂರ್ತಿ ಎಂದು ನಾಲ್ಕು ಮಟ್ಟ ಗುರುತಿಸಿದರೆ ಎರಡು ಬಿಟ್. ಎಂಟು ಮಟ್ಟಕ್ಕೆ ಮೂರು ಬಿಟ್, ಹದಿನಾರು ಮಟ್ಟಕ್ಕೆ ನಾಲ್ಕು ಬಿಟ್. ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲೆ ಟಿಎಲ್‌ಸಿ, ಕ್ಯೂಎಲ್‌ಸಿ ಅಂತ ಬರೆದಿರುತ್ತಾರಲ್ಲ, ಟಿಎಲ್‌ಸಿ ಅಂದರೆ ಮೂರು ಬಿಟ್ಟಿನದು, ಕ್ಯೂಎಲ್‌ಸಿ ಅಂದರೆ ನಾಲ್ಕು ಬಿಟ್ಟಿನದು.

ಕಷ್ಟ ಏನು ಅಂದರೆ, ಗೆರೆಗಳು ಹತ್ತಿರ ಬಂದಷ್ಟೂ ಓದುವಾಗ ತಪ್ಪಾಗುವುದು ಜಾಸ್ತಿ. ಸ್ವಲ್ಪ ಸೋರಿದರೂ ಎಂಟನೇ ಗೆರೆಯ ನೀರು ಏಳನೆಯದಾಗಿ ಕಾಣುತ್ತದೆ. ಪ್ರತಿಸಲ ಬರೆದು ಅಳಿಸಿದಾಗಲೂ ಡಬ್ಬಿಯ ಗೋಡೆ ಒಂಚೂರು ಸವೆಯುತ್ತದೆ. ಹೀಗಾಗಿ ಹೆಚ್ಚು ಬಿಟ್ ಅಂದರೆ ನಿಧಾನ ಬರವಣಿಗೆ, ಕಡಿಮೆ ಆಯಸ್ಸು, ತಪ್ಪು ತಿದ್ದಲು ಚುರುಕಾದ ಕಂಟ್ರೋಲರ್. ನಾಲ್ಕು ಬಿಟ್‌ವರೆಗೆ ಬಂದು ಮಾರುಕಟ್ಟೆ ಸದ್ಯಕ್ಕೆ ಅಲ್ಲಿ ನಿಂತಿದೆ.

ನೆಲ ಮುಗಿದಾಗ ಮೇಲಕ್ಕೆ

ಎರಡನೆಯ ಉಪಾಯ ಸೆಲ್ಲನ್ನೇ ಚಿಕ್ಕದು ಮಾಡುವುದು. ಬಹಳ ವರ್ಷ ಇದೇ ನಡೆಯಿತು. ಸೆಲ್‌ಗಳು ನೆಲದ ಮೇಲೆ ಹಾಸಿದ ಮನೆಗಳ ಹಾಗೆ ಒಂದೇ ಮಟ್ಟದಲ್ಲಿದ್ದವು, ಪ್ರತಿ ಪೀಳಿಗೆಯಲ್ಲೂ ಸೈಟು ಇನ್ನಷ್ಟು ಕಿರಿದಾಗುತ್ತಿತ್ತು. 15 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಆಸುಪಾಸು ಬಂದಾಗ ಆ ದಾರಿ ಮುಗಿಯಿತು. ಒಂದು ಸೆಲ್ಲಿನಲ್ಲಿ ಹಿಡಿಯುವ ಎಲೆಕ್ಟ್ರಾನ್‌ಗಳೇ ಎಣಿಸುವಷ್ಟು ಕಡಿಮೆಯಾದವು, ಪಕ್ಕದ ಮನೆಯ ಗಲಾಟೆ ಈ ಮನೆಗೆ ಕೇಳಿಸತೊಡಗಿತು, ಅಂದರೆ ಒಂದಕ್ಕೆ ಬರೆದರೆ ಪಕ್ಕದ್ದರ ಮಟ್ಟವೂ ಅಲುಗಾಡುತ್ತಿತ್ತು.

ಸೈಟು ಕಿರಿದು ಮಾಡಲು ಆಗದಿದ್ದರೆ ಮಹಡಿ ಕಟ್ಟಬೇಕು. ಇದೇ 3ಡಿ ನ್ಯಾಂಡ್. ತೋಷಿಬಾ 2007ರಲ್ಲೇ ಇದರ ವಿಧಾನ ತೋರಿಸಿತು. ಸ್ಯಾಮ್‌ಸಂಗ್ 2013ರ ಆಗಸ್ಟಿನಲ್ಲಿ 24 ಪದರಗಳ ಚಿಪ್ಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿತು.

ಒಂದು ಸೂಕ್ಷ್ಮ ಇಲ್ಲಿದೆ, ದಯವಿಟ್ಟು ಗಮನಿಸಿ. ಒಂದು ಮಹಡಿ ಪೂರ್ತಿ ಕಟ್ಟಿ ಮುಗಿಸಿ, ಆಮೇಲೆ ಅದರ ಮೇಲೆ ಇನ್ನೊಂದು ಕಟ್ಟಿದರೆ ಯಾವ ಉಳಿತಾಯವೂ ಇಲ್ಲ. ನೂರು ಮಹಡಿಗೆ ನೂರು ಪಟ್ಟು ಖರ್ಚು. ತೋಷಿಬಾದ ಎಂಜಿನಿಯರುಗಳ ಜಾಣತನ ಇರುವುದು ಇಲ್ಲೇ. ಮೊದಲು ಎರಡು ಬಗೆಯ ವಸ್ತುವನ್ನು ಒಂದರ ಮೇಲೊಂದು ಹಾಳೆ ಹಾಸಿದ ಹಾಗೆ ಹಾಸುತ್ತಾ ಹೋಗಬೇಕು. ಎಲ್ಲ ಹಾಸಿ ಆದ ಮೇಲೆ ಮೇಲಿನಿಂದ ಕೆಳತನಕ ಒಂದೇ ಸಲಕ್ಕೆ ರಂಧ್ರ ಕೊರೆಯಬೇಕು. ಆ ರಂಧ್ರದ ಒಳಗೋಡೆಗೆ ಬೇಕಾದ ಲೇಪ ಕೊಟ್ಟರೆ, ರಂಧ್ರ ಹಾದುಹೋದ ಒಂದೊಂದು ಪದರದಲ್ಲೂ ಒಂದೊಂದು ಸೆಲ್ ತಾನಾಗಿಯೇ ಹುಟ್ಟುತ್ತದೆ. ಅಂದರೆ ದುಬಾರಿ ಕೆಲಸ ಒಮ್ಮೆ, ಸೆಲ್ ಮಾತ್ರ ನೂರಾರು.

ಆಮೇಲೆ ನಡೆದದ್ದು ಮಹಡಿ ಏರಿಸುವ ಪೈಪೋಟಿ. ಅಮೆರಿಕದ ಮೈಕ್ರಾನ್ ಕಂಪನಿ 2020ರಲ್ಲಿ 176 ಪದರ, 2022ರಲ್ಲಿ 232 ಪದರ ತಲುಪಿತು. ದಕ್ಷಿಣ ಕೊರಿಯಾದ ಎಸ್‌ಕೆ ಹೈನಿಕ್ಸ್ 2024ರ ನವೆಂಬರಿನಲ್ಲಿ 321 ಪದರಗಳ ಚಿಪ್ಪಿನ ಉತ್ಪಾದನೆ ಶುರುವಾಯಿತು ಎಂದು ಘೋಷಿಸಿತು. ಅದರಲ್ಲಿ ಒಂದೇ ಸಿಲಿಕಾನ್ ತುಂಡಿನಲ್ಲಿ 1 ಟೆರಾಬಿಟ್, ಅಂದರೆ 128 ಜಿಬಿ ಹಿಡಿಯುತ್ತದೆ. 2000ದಲ್ಲಿ ಐಬಿಎಂ ಹೆಸರಿನಲ್ಲಿ ಬಂದ ಮೊದಲ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಒಟ್ಟು 8 ಎಂಬಿ.

ಇಂಥ ತುಂಡುಗಳನ್ನು ಮತ್ತೆ ಒಂದರ ಮೇಲೊಂದು ಪೇರಿಸಿ ಒಂದೇ ಕವಚದಲ್ಲಿ ಹಾಕುತ್ತಾರೆ. ಜಪಾನಿನ ಕಿಯೋಕ್ಸಿಯಾ ಕಂಪನಿ 2025ರಲ್ಲಿ ಹೀಗೆ 32 ತುಂಡು ಪೇರಿಸಿದ 8 ಟಿಬಿಯ ಚಿಪ್ ಬಳಸಿ, ಸುಮಾರು 245 ಟಿಬಿಯ ಒಂದೇ ಎಸ್‌ಎಸ್‌ಡಿ ತೋರಿಸಿತು.

ಕಷ್ಟ ಇರುವುದು ರಂಧ್ರದಲ್ಲಿ

ಪದರ ಹಾಸುವುದು ತಾಳ್ಮೆಯ ಕೆಲಸ. ರಂಧ್ರ ಕೊರೆಯುವುದು ನಿಜಕ್ಕೂ ಕಷ್ಟದ ಕೆಲಸ. ರಂಧ್ರದ ಅಗಲ ಸುಮಾರು 100 ನ್ಯಾನೊಮೀಟರ್, ಕೂದಲಿನ ಅಗಲದ ನೂರಾರು ಪಾಲಿನಲ್ಲಿ ಒಂದು ಪಾಲು. ಆಳ ಅದರ ಐವತ್ತು ಪಟ್ಟಿಗೂ ಜಾಸ್ತಿ. ಒಂದು ಮೀಟರ್ ಅಗಲದ ಬಾವಿಯನ್ನು ಐವತ್ತು ಮೀಟರಿಗೂ ಆಳಕ್ಕೆ, ಗೋಡೆ ಎಲ್ಲೂ ವಾಲದ ಹಾಗೆ, ಬಾಯಿಯೂ ತಳವೂ ಒಂದೇ ಅಗಲ ಇರುವ ಹಾಗೆ ತೋಡಿದಂತೆ. 300 ಮಿಲಿಮೀಟರ್ ಅಗಲದ ಒಂದು ವೇಫರ್‌ನಲ್ಲಿ, ಅಂದರೆ ಚಿಪ್‌ಗಳನ್ನು ಮಾಡುವ ಸಿಲಿಕಾನ್ ತಟ್ಟೆಯಲ್ಲಿ, ಇಂಥ ರಂಧ್ರಗಳು ಲಕ್ಷ ಕೋಟಿಗೂ ಜಾಸ್ತಿ. ಎಲ್ಲವನ್ನೂ ಒಟ್ಟಿಗೆ ಕೊರೆಯಬೇಕು.

ಕೊರೆಯುವುದು ಡ್ರಿಲ್‌ನಿಂದ ಅಲ್ಲ, ಪ್ಲಾಸ್ಮಾದಿಂದ. ವಿದ್ಯುತ್ ಕೊಟ್ಟು ಕೆರಳಿಸಿದ ಅನಿಲ ಅದು. ಅದರ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಮೇಲಿನಿಂದ ನೇರವಾಗಿ ಬಡಿದು ವಸ್ತುವನ್ನು ಕೆತ್ತಿ ತೆಗೆಯುತ್ತವೆ. ಇದಕ್ಕೆ ಎಚಿಂಗ್ ಅನ್ನುತ್ತಾರೆ. ಆಳಕ್ಕೆ ಹೋದಷ್ಟೂ ಅಯಾನು ತಳ ಮುಟ್ಟುವುದು ಕಷ್ಟ, ಕೆತ್ತಿದ ಪುಡಿ ಮೇಲೆ ಬರುವುದೂ ಕಷ್ಟ, ಹಾಗಾಗಿ ಕೆಲಸ ನಿಧಾನವಾಗುತ್ತಾ ಹೋಗುತ್ತದೆ. ಅಮೆರಿಕದ ಲ್ಯಾಮ್ ರಿಸರ್ಚ್, ಜಪಾನಿನ ಟೋಕಿಯೊ ಎಲೆಕ್ಟ್ರಾನ್ ಈ ಯಂತ್ರಗಳಿಗೆ ಹೆಸರಾದ ಕಂಪನಿಗಳು. 2023ರಲ್ಲಿ ಟೋಕಿಯೊ ಎಲೆಕ್ಟ್ರಾನ್ ವೇಫರನ್ನು ತುಂಬಾ ತಣ್ಣಗೆ ಇಟ್ಟು ಕೆತ್ತುವ ವಿಧಾನವನ್ನು ಪ್ರಕಟಿಸಿತು. 10 ಮೈಕ್ರೊಮೀಟರ್ ಆಳದ ರಂಧ್ರ 33 ನಿಮಿಷದಲ್ಲಿ ಮುಗಿಯುತ್ತದೆ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಮಿಲಿಮೀಟರಿನ ನೂರನೇ ಒಂದು ಪಾಲು ಆಳಕ್ಕೆ ಮೂವತ್ತಮೂರು ನಿಮಿಷ, ಅದೂ ಭಾರೀ ವೇಗ ಅಂತ ಲೆಕ್ಕ!

ಈ ನಿಮಿಷಗಳೇ ದುಡ್ಡಿನ ಲೆಕ್ಕದ ಕೀಲಿ. ಪದರ ಹೆಚ್ಚಿದಷ್ಟೂ ಒಂದೊಂದು ವೇಫರ್ ಯಂತ್ರದೊಳಗೆ ಜಾಸ್ತಿ ಹೊತ್ತು ಕೂರುತ್ತದೆ. ಅಂದರೆ ಅದೇ ಫ್ಯಾಕ್ಟರಿ, ಅದೇ ಯಂತ್ರಗಳು, ಆದರೆ ತಿಂಗಳಿಗೆ ಹೊರಬರುವ ವೇಫರ್ ಕಡಿಮೆ. ಅಷ್ಟೇ ವೇಫರ್ ಬೇಕು ಅಂದರೆ ಇನ್ನಷ್ಟು ಯಂತ್ರ, ಇನ್ನಷ್ಟು ಜಾಗ. ಪ್ರೊಸೆಸರ್ ಚಿಪ್‌ಗಳಿಗೆ ಬೇಕಾಗುವ ಅತಿ ದುಬಾರಿ ಇಯುವಿ (ಅತಿ ನೇರಳಾತೀತ ಬೆಳಕಿನ) ಮುದ್ರಣ ಯಂತ್ರ ಇಲ್ಲಿ ಬೇಕಿಲ್ಲ, ನಿಜ. ಅದರ ಬದಲು ದುಡ್ಡೆಲ್ಲ ಪದರ ಹಾಸುವ, ಕೆತ್ತುವ ಯಂತ್ರಗಳ ಸಾಲಿಗೆ ಹೋಗುತ್ತದೆ.

ಕಣದಲ್ಲಿ ಉಳಿದವರು

ಇಷ್ಟು ಖರ್ಚಿನ ಆಟದಲ್ಲಿ ಹೆಚ್ಚು ಜನ ಉಳಿಯಲಾರರು. ಇವತ್ತು ಜಗತ್ತಿನ ನ್ಯಾಂಡ್ ಫ್ಲ್ಯಾಶ್ ಹೆಚ್ಚುಕಡಿಮೆ ಪೂರ್ತಿ ಬರುವುದು ಕೆಲವೇ ಕಡೆಯಿಂದ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಜಪಾನಿನ ಕಿಯೋಕ್ಸಿಯಾ, ಅದರ ಜೊತೆ ಫ್ಯಾಕ್ಟರಿ ಹಂಚಿಕೊಂಡಿರುವ ಅಮೆರಿಕದ ಸ್ಯಾನ್‌ಡಿಸ್ಕ್, ಅಮೆರಿಕದ್ದೇ ಆದ ಮೈಕ್ರಾನ್, ಚೀನಾದ ವೈಎಂಟಿಸಿ.

ಕಿಯೋಕ್ಸಿಯಾ ಬೇರೆ ಯಾರೂ ಅಲ್ಲ, ಫ್ಲ್ಯಾಶ್ ಹುಟ್ಟುಹಾಕಿದ ತೋಷಿಬಾದ ಮೆಮೊರಿ ವಿಭಾಗವೇ. ತೋಷಿಬಾ ಅಮೆರಿಕದ ಅಣುಸ್ಥಾವರ ವ್ಯವಹಾರದಲ್ಲಿ ಭಾರೀ ನಷ್ಟ ಮಾಡಿಕೊಂಡಿತು. ಸಾಲ ತೀರಿಸಲು ತನ್ನ ಹೆಮ್ಮೆಯ ವಿಭಾಗವನ್ನೇ 2018ರಲ್ಲಿ ಸುಮಾರು 2 ಲಕ್ಷ ಕೋಟಿ ಯೆನ್‌ಗೆ ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿಯ ನೇತೃತ್ವದ ಕೂಟಕ್ಕೆ ಮಾರಬೇಕಾಯಿತು. ಆ ಕೂಟದಲ್ಲಿ ಆ್ಯಪಲ್, ಡೆಲ್ ಥರದ ಗ್ರಾಹಕ ಕಂಪನಿಗಳೂ ದುಡ್ಡು ಹಾಕಿದವು. ಚಿಪ್ ಕೊಡುವವರ ಸಂಖ್ಯೆ ಇನ್ನೂ ಕಡಿಮೆಯಾದರೆ ತಮಗೇ ತೊಂದರೆ ಅಂತ ಅವಕ್ಕೆ ಗೊತ್ತಿತ್ತು.

ಇಂಟೆಲ್ ಕೂಡ ಒಂದು ಕಾಲಕ್ಕೆ ಈ ಕಣದಲ್ಲಿತ್ತು. 2020ರಲ್ಲಿ ತನ್ನ ನ್ಯಾಂಡ್ ವ್ಯವಹಾರವನ್ನು, ಚೀನಾದ ದಾಲಿಯನ್‌ನಲ್ಲಿದ್ದ ಫ್ಯಾಕ್ಟರಿ ಸಮೇತ, 900 ಕೋಟಿ ಡಾಲರ್‌ಗೆ ಎಸ್‌ಕೆ ಹೈನಿಕ್ಸ್‌ಗೆ ಕೊಡಲು ಒಪ್ಪಿತು.

ಬೆಲೆ ಯಾಕೆ ಹೀಗೆ ಏರಿಳಿಯುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಫ್ಲ್ಯಾಶ್ ಫ್ಯಾಕ್ಟರಿ ಕಟ್ಟಲು, ಯಂತ್ರ ತರಿಸಿ ಕೂರಿಸಲು, ಹೊಸ ವಿಧಾನ ಪಳಗಿಸಲು ವರ್ಷಗಳೇ ಬೇಕು. ಒಂದು ವೇಫರ್ ಒಳಗೆ ಹೋಗಿ ಚಿಪ್ಪಾಗಿ ಹೊರಬರಲೂ ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಇವತ್ತು ಹಾಕಿದ ದುಡ್ಡಿಗೆ ಚಿಪ್ ಸಿಗುವುದು ಎರಡು ಮೂರು ವರ್ಷದ ಮೇಲೆ. ಆಗ ಬೆಲೆ ಎಷ್ಟಿರುತ್ತದೆ? ಯಾರಿಗೂ ಗೊತ್ತಿಲ್ಲ.

ಬೆಲೆ ಚೆನ್ನಾಗಿದ್ದಾಗ ಎಲ್ಲರ ಕೈಯಲ್ಲೂ ಲಾಭದ ದುಡ್ಡು ಇರುತ್ತದೆ, ಎಲ್ಲರೂ ಒಟ್ಟಿಗೆ ಫ್ಯಾಕ್ಟರಿ ಕಟ್ಟುತ್ತಾರೆ. ಕಟ್ಟದೆ ಸುಮ್ನೆ ಕೂರುವ ಹಾಗೂ ಇಲ್ಲ, ಯಾಕೆಂದರೆ ಪಕ್ಕದವರು ಮುಂದಿನ ಪೀಳಿಗೆಗೆ ಹೋಗಿ ಖರ್ಚು ಇಳಿಸಿಬಿಟ್ಟರೆ ಇವರ ಚಿಪ್ ಯಾರಿಗೂ ಬೇಡ. ಎಲ್ಲರ ಫ್ಯಾಕ್ಟರಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಯಾರಾಗುತ್ತದೆ, ಚಿಪ್ ಸುರಿಯುತ್ತದೆ, ಬೆಲೆ ಕುಸಿಯುತ್ತದೆ.

ಬೆಲೆ ಬಿದ್ದಾಗ ಫ್ಯಾಕ್ಟರಿ ನಿಲ್ಲಿಸಬಹುದಲ್ಲ ಅಂತ ಅನ್ನಿಸಬಹುದು. ಸಾಲ ಮಾಡಿ ಬಸ್ ಕೊಂಡವರನ್ನು ನೆನೆಸಿಕೊಳ್ಳಿ. ಬಸ್ ಓಡಿದರೂ ನಿಂತರೂ ಸಾಲದ ಕಂತು ಕಟ್ಟಲೇಬೇಕು. ಟಿಕೆಟ್ ದರ ಇಳಿದರೂ ಡೀಸೆಲ್ ಖರ್ಚು ಹುಟ್ಟುವಷ್ಟು ಜನ ಬಂದರೆ ಓಡಿಸುವುದೇ ಮೇಲು. ಫ್ಲ್ಯಾಶ್ ಫ್ಯಾಕ್ಟರಿಯ ಖರ್ಚಿನಲ್ಲಿ ದೊಡ್ಡ ಪಾಲು ಆಗಲೇ ಕೊಂಡಾದ ಯಂತ್ರದ್ದು. ಹೀಗಾಗಿ ನಷ್ಟದಲ್ಲೂ ಉತ್ಪಾದನೆ ನಡೆಯುತ್ತಲೇ ಇರುತ್ತದೆ, ಬೆಲೆ ಇನ್ನೂ ಕೆಳಗೆ ಹೋಗುತ್ತದೆ.

2022–23ರಲ್ಲಿ ಆದದ್ದು ಇದೇ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್, ಫೋನ್ ಖರೀದಿ ಜೋರಾಗಿತ್ತು, ಆಮೇಲೆ ಒಮ್ಮೆಲೇ ತಣ್ಣಗಾಯಿತು. 2023ರ ಮೊದಲ ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್‌ನ ಚಿಪ್ ವಿಭಾಗ 4.58 ಲಕ್ಷ ಕೋಟಿ ವಾನ್ ನಷ್ಟ ತೋರಿಸಿತು. ಉತ್ಪಾದನೆ ಕಡಿತಕ್ಕೆ ಒಪ್ಪದೆ ಕೂತಿದ್ದ ಆ ಕಂಪನಿ ಏಪ್ರಿಲ್‌ನಲ್ಲಿ ಕಡಿತ ಘೋಷಿಸಿತು. ಹೊಸ ಯಂತ್ರಗಳ ಖರೀದಿ ಎಲ್ಲ ಕಡೆ ಮುಂದಕ್ಕೆ ಹೋಯಿತು. ಆಗ ಕೊಳ್ಳದೆ ಬಿಟ್ಟ ಯಂತ್ರಗಳ ಕೊರತೆ 2025ರಲ್ಲಿ ಕಾಣಿಸಿಕೊಂಡಿತು.

ಅವಘಡಗಳೂ ಬೆಲೆ ಅಲುಗಾಡಿಸುತ್ತವೆ. 2019ರ ಜೂನ್ 15ರಂದು ಜಪಾನಿನ ಯೊಕ್ಕೈಚಿಯಲ್ಲಿರುವ ಕಿಯೋಕ್ಸಿಯಾದ ಫ್ಲ್ಯಾಶ್ ಫ್ಯಾಕ್ಟರಿಗಳಿಗೆ 13 ನಿಮಿಷ ಕರೆಂಟ್ ಹೋಯಿತು. ಅಲ್ಲಿ ಆಗ ಪಾಲುದಾರನಾಗಿದ್ದ, ಸ್ಯಾನ್‌ಡಿಸ್ಕ್‌ನ ಅಂದಿನ ಒಡೆಯ ವೆಸ್ಟರ್ನ್ ಡಿಜಿಟಲ್ ತನಗಾದ ಕೊರತೆ ಸುಮಾರು 6 ಎಕ್ಸಾಬೈಟ್ ಎಂದು ಹೇಳಿತು. ಅಂದರೆ 600 ಕೋಟಿ ಜಿಬಿ. 128 ಜಿಬಿಯ ನಾಲ್ಕೂವರೆ ಕೋಟಿಗೂ ಹೆಚ್ಚು ಫೋನ್‌ಗಳಿಗೆ ಆಗುವಷ್ಟು!

ಸರ್ಕಾರಗಳಿಗೆ ಇಲ್ಲೇನು ಕೆಲಸ?

ಪೂರೈಕೆ ಕೆಲವೇ ಕೈಗಳಲ್ಲಿ ಇರುವಾಗ ಸರ್ಕಾರಗಳು ಸುಮ್ಮನಿರುವುದಿಲ್ಲ. ವೈಎಂಟಿಸಿ 2016ರಲ್ಲಿ ವುಹಾನ್‌ನಲ್ಲಿ ಶುರುವಾದಾಗ ಚೀನಾದ ಸರ್ಕಾರಿ ನಿಧಿಗಳು ಬೆನ್ನಿಗಿದ್ದವು, ಯೋಜನೆಯ ಗಾತ್ರ 2,400 ಕೋಟಿ ಡಾಲರ್ ಎಂದು ಘೋಷಣೆಯಾಗಿತ್ತು. ಆರೇ ವರ್ಷದಲ್ಲಿ ಅದು 232 ಪದರ ಮುಟ್ಟಿತು. ಸೆಲ್‌ಗಳನ್ನು ಒಂದು ವೇಫರ್‌ನಲ್ಲಿ, ಅವನ್ನು ನಡೆಸುವ ಸರ್ಕ್ಯೂಟನ್ನು ಇನ್ನೊಂದು ವೇಫರ್‌ನಲ್ಲಿ ಮಾಡಿ ಎರಡನ್ನೂ ಎದುರುಬದುರು ಅಂಟಿಸುವ ವಿಧಾನವನ್ನು ಫ್ಲ್ಯಾಶ್‌ನಲ್ಲಿ ಮೊದಲು ದೊಡ್ಡದಾಗಿ ಬಳಸಿದ್ದೂ ಅದೇ ಕಂಪನಿ. ಕಿಯೋಕ್ಸಿಯಾ ಕೂಡ ತನ್ನ 218 ಪದರದ ಪೀಳಿಗೆಯಲ್ಲಿ ಇಂಥದೇ ದಾರಿ ಹಿಡಿಯಿತು.

ಅಮೆರಿಕ 2022ರ ಅಕ್ಟೋಬರಿನಲ್ಲಿ, 128 ಅಥವಾ ಅದಕ್ಕಿಂತ ಹೆಚ್ಚು ಪದರದ ಫ್ಲ್ಯಾಶ್ ಮಾಡುವ ಚೀನೀ ಫ್ಯಾಕ್ಟರಿಗಳಿಗೆ ಯಂತ್ರ ಕೊಡುವುದರ ಮೇಲೆ ನಿರ್ಬಂಧ ಹೇರಿತು. ಡಿಸೆಂಬರಿನಲ್ಲಿ ವೈಎಂಟಿಸಿಯನ್ನು ತನ್ನ ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಇತ್ತ ಜಪಾನ್ ಸರ್ಕಾರ 2022ರಲ್ಲಿ ಯೊಕ್ಕೈಚಿಯ ಫ್ಯಾಕ್ಟರಿಗೆ 9,290 ಕೋಟಿ ಯೆನ್‌ವರೆಗೆ ಸಹಾಯಧನ ಒಪ್ಪಿಕೊಂಡಿತು.

ಎಐ ಬಂದ ಮೇಲೆ

ಎಐ ಎಂದರೆ ಲೆಕ್ಕ ಮಾಡುವ ಚಿಪ್‌ಗಳ ಮಾತೇ ಜಾಸ್ತಿ ಕೇಳಿಬರುತ್ತದೆ. ಆದರೆ ಆ ಚಿಪ್‌ಗಳಿಗೆ ಉಣಿಸುವ ಮಾಹಿತಿ ಎಲ್ಲೋ ಇರಬೇಕಲ್ಲ? ಎಐ ಮಾದರಿಗೆ ತರಬೇತಿ ಕೊಡುವ ಮಧ್ಯೆ ಆಗಾಗ ಇಡೀ ಮಾದರಿಯ ಸ್ಥಿತಿಯನ್ನು ಬರೆದಿಡಬೇಕು, ಯಂತ್ರ ಕೆಟ್ಟರೆ ಮೊದಲಿನಿಂದ ಶುರು ಮಾಡುವ ಹಾಗಾಗಬಾರದು. ನಿಧಾನದ ಹಾರ್ಡ್ ಡಿಸ್ಕ್ ಮುಂದೆ ದುಬಾರಿ ಪ್ರೊಸೆಸರ್‌ಗಳು ಕಾಯುತ್ತಾ ಕೂತರೆ ನಷ್ಟ. ಅದೂ ಅಲ್ಲದೆ ಡೇಟಾ ಸೆಂಟರಿನ ದೊಡ್ಡ ಹಾರ್ಡ್ ಡಿಸ್ಕ್‌ಗಳಿಗೇ 2025ರಲ್ಲಿ ಅಭಾವ ಬಂತು. ಕೆಲವರು ಅದರ ಬದಲು ನಾಲ್ಕು ಬಿಟ್ಟಿನ ದೊಡ್ಡ ಎಸ್‌ಎಸ್‌ಡಿಗಳ ಕಡೆ ತಿರುಗಿದರು.

ಇನ್ನೊಂದು ಕಾರಣ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ರ‍್ಯಾಮ್ ಚಿಪ್ಪನ್ನೂ ಮಾಡುತ್ತಾರೆ. ಎಐ ಪ್ರೊಸೆಸರಿನ ಪಕ್ಕದಲ್ಲೇ ಕೂರುವ ಎಚ್‌ಬಿಎಂ ಎಂಬ ವಿಶೇಷ ರ‍್ಯಾಮ್‌ಗೆ ಈಗ ಎಲ್ಲಿಲ್ಲದ ಬೇಡಿಕೆ, ಲಾಭವೂ ಚೆನ್ನಾಗಿದೆ. ಕೈಯಲ್ಲಿರುವ ದುಡ್ಡು, ಜಾಗ, ಎಂಜಿನಿಯರುಗಳು ಮೊದಲು ಅತ್ತ ಹೋಗುತ್ತಾರೆ. ಫ್ಲ್ಯಾಶ್‌ಗೆ ಉಳಿಯುವುದು ಮಿಕ್ಕಿದ್ದು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದ, ಅಂದರೆ ನಮ್ಮಂಥವರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುವುದರಿಂದ ಹೊರಬರುವುದಾಗಿ ಹೇಳಿದ್ದು ಇದೇ ಹಿನ್ನೆಲೆಯಲ್ಲಿ.

ಹಾಗಾದರೆ ಹೊಸ ಫ್ಯಾಕ್ಟರಿ ಯಾಕೆ ಬೇಗ ಬರುವುದಿಲ್ಲ? ಜಪಾನಿನ ಕಿಟಕಾಮಿಯಲ್ಲಿ ಕಿಯೋಕ್ಸಿಯಾದ ಎರಡನೇ ಫ್ಯಾಕ್ಟರಿ ಏಳುತ್ತಾ ಬಂದ ದಿನಾಂಕಗಳನ್ನು ನೋಡಿ. ಕಟ್ಟಡದ ಕೆಲಸ ಶುರುವಾದದ್ದು 2022ರ ಏಪ್ರಿಲ್‌ನಲ್ಲಿ, ಆಗ ಮಾರುಕಟ್ಟೆ ಇನ್ನೂ ಬಿದ್ದಿರಲಿಲ್ಲ. 2023ರಲ್ಲಿ ಮುಗಿಸುವ ಯೋಜನೆಯಿತ್ತು, ಅಷ್ಟರಲ್ಲಿ ಬೆಲೆ ನೆಲ ಕಚ್ಚಿತು. ಕಟ್ಟಡ ಮುಗಿದದ್ದು 2024ರ ಜುಲೈನಲ್ಲಿ. ಯಂತ್ರಗಳು ಓಡತೊಡಗಿದ್ದು 2025ರ ಸೆಪ್ಟೆಂಬರಿನಲ್ಲಿ, ಅಷ್ಟು ಹೊತ್ತಿಗೆ ಬೆಲೆ ಮತ್ತೆ ಏರುತ್ತಿತ್ತು. ಅಲ್ಲಿಂದ ಹೇಳಿಕೊಳ್ಳುವಷ್ಟು ಚಿಪ್ ಹೊರಬರುವುದು 2026ರ ಮೊದಲ ಆರು ತಿಂಗಳಲ್ಲಿ ಎಂದು ಕಂಪನಿ ಆಗ ಹೇಳಿತ್ತು. ಅಡಿಪಾಯದಿಂದ ಚಿಪ್‌ವರೆಗೆ ನಾಲ್ಕು ವರ್ಷ.